ದಾರಿಯಲ್ಲಿ ಬಿದ್ದುಹೋದ ‘ಒಂದು ವರ್ಷ’

ಅಕ್ಕನಿಗೆ ಹನ್ನೆರಡು ತುಂಬಿದ ದಿನ ಐತವಾರ ಬಿದ್ದಿತ್ತು. ಮಹಾಯುದ್ಧ ಇನ್ನೂ ನಡೆದಿತ್ತು, ಸಕ್ಕರೆ ರೇಷನ್ ಕಾರ್ಡಿನ ಮೇಲೆ ಸಿಗುತ್ತಿತ್ತು. ವಿಜಾಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳ ಹುಟ್ಟುಹಬ್ಬ ಮಾಡುವ ರೂಢಿ ಇರಲಿಲ್ಲ. ಅಪ್ಪ ಕೋರ್ಟಿನಲ್ಲಿ ಕಾರಕೂನ. ತನ್ನ ಸಾಹೇಬರ ಮನೆಯಲ್ಲಿ ಮಗಳ ಹುಟ್ಟುಹಬ್ಬ ನೋಡಿಬಂದು, ನಮ್ಮಲ್ಲೂ ಒಮ್ಮೆ ಆಗಲಿ ಎಂದ. ರಜೆಯ ದಿನ, ಮನೆಮಂದಿಯಷ್ಟೇ, ಸಜ್ಜಕದ ಹೋಳಿಗೆ, ಉಂಡ ಮೇಲೆ ಒಂದು ನಿದ್ದೆ. ಅವನ ಮನಸ್ಸಿನಲ್ಲಿದ್ದದ್ದು ಇಷ್ಟೇ.

ಅಪ್ಪನ ತಾಯಿ, ನಮ್ಮ ಆಯಿ, ತಿಕೋಟಾದಲ್ಲಿದ್ದಳು. ಅವಳನ್ನು ಕರೆಯಲು ಅಪ್ಪ ಆ ಕಡೆ ಹೊರಟಿದ್ದ ಒಬ್ಬ ಗಾಡಿಯವನನ್ನು ನಮ್ಮ ಕಟ್ಟೆಯ ಮುಂದೆ ನಿಲ್ಲಿಸಿದ. ನಾನು ಬಾಗಿಲಲ್ಲಿದ್ದೆ. ಮಾತು ಹೀಗೇ ಇತ್ತು:

“ನಮ್ಮವ್ವಗ ಹೇಳಪಾ, ದೊಡ್ಡ ಹುಡುಗಿ ಒಂದು ವರ್ಷ ದೊಡ್ಡಾಕಿ ಆಗ್ಯಾಳ, ಐತವಾರ ಹೋಳಿಗಿ ಉಣ್ಣಾಕ ಬಾ ಅಂದಾನ ಅಂತ.”

“ಹೂನ್ರಿ,” ಎಂದು ಅವನು ಎತ್ತು ಹೊಡೆದ.

‘ಒಂದು ವರ್ಷ’ ಎಂಬುದು ದಾರಿಯಲ್ಲಿ ಎಲ್ಲಿ ಬಿತ್ತೋ ತಿಳಿಯದು. ತಿಕೋಟಾ ಮುಟ್ಟಿದ್ದು ‘ಹುಡುಗಿ ದೊಡ್ಡಾಕಿ ಆಗ್ಯಾಳ’ ಎಂಬುದಷ್ಟೇ. ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಹುಡುಗಿ ಮೈನೆರೆದಿದ್ದಾಳೆ.

ಅಕ್ಕ ಇನ್ನೂ ಶಾಲೆಗೆ ಹೋಗುತ್ತಿದ್ದದ್ದೂ ಆ ಮಾತಿನ ಮೇಲೆಯೇ. “ದೊಡ್ಡಾಕಿ ಆಗೂತನಾ ಕಲೀಲಿ, ಆಮ್ಯಾಲ ಹೊಸ್ತಿಲಾ ದಾಟೂದಿಲ್ಲ” ಎಂದು ಆಯಿ ಮೊದಲೇ ಕರಾರು ಹಾಕಿದ್ದಳು. ಅಪ್ಪ ಒಪ್ಪಿದ್ದ. ಅಕ್ಕ ಏಳನೆಯ ಇಯತ್ತೆಯಲ್ಲಿದ್ದಳು. ಬೇಸಿಗೆಯಲ್ಲಿ ಆ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆ ಪಾಸಾದರೆ ಶಾಲೆಯಲ್ಲಿ ಕಲಿಸುವ ನೌಕರಿ ಸಿಗುತ್ತದೆ ಎಂದು ಅವಳ ಶಿಕ್ಷಕಿ ಬಾಯಿ ಅವರು ಹೇಳಿದ್ದರು. ಅಂದಿನಿಂದ ಅವಳು ರೊಟ್ಟಿ ಬೇಯಿಸುತ್ತಲೂ ಪದ್ಯ ಬಾಯಿಪಾಠ ಮಾಡುತ್ತಿದ್ದಳು.

ಐತವಾರ ನಸುಕಿನಲ್ಲಿ ಭೂತನಾಳದ ನೀರು ನಳಕ್ಕೆ ಬಂದಾಗ ಅವ್ವ ಹಂಡೆ ತುಂಬಿ ಕಾಯಿಸಿದಳು. ಎಣ್ಣೆ ಹಚ್ಚಿ ಅಕ್ಕನ ತಲೆಗೆ ಎರೆದಳು. ಕೂದಲು ಹರವಿಕೊಂಡು ಅಕ್ಕ ಬಿಸಿಲಿಗೆ ಕೂತಿದ್ದಾಗ ಬಾಗಿಲಿಗೆ ಗಾಡಿ ಬಂತು. ಆಯಿಯ ಹಿಂದೆ ಬಬಲೇಶ್ವರದ ಅತ್ತಿ, ಅಂದರೆ ಅವ್ವನ ಅಣ್ಣನ ಹೆಂಡತಿ, ಹಸಿರು ಸೀರೆ, ಹಸಿರು ಬಳೆ, ಕೊಬ್ಬರಿ ಹಿಡಿದು ಇಳಿದಳು. ಆಯಿಯೇ ಅವಳಿಗೆ ಹೇಳಿಕಳಿಸಿದ್ದಳು.

“ಎರದss ಬಿಟ್ಟೀರೇನ್ರಿ ಅಕ್ಕಾರ!” ಅತ್ತಿ ಅಂಗಳದಿಂದಲೇ ಕೂಗಿದಳು. “ಮೊದಲ ನಿಮ್ಮ ತವರಮನಿ ನೀರು ಬೀಳಬೇಕಲ್ರಿ? ನಾವು ಬರೂತನಾ ತಡ್ಯಾಕ ಆಗಲಿಲ್ಲೇನು?”

ಓಣಿಯ ಹೆಂಗಸರು ಹೊರಬಂದರು.

“ಅದಲ್ರಿ ವೈನಿ,” ಎಂದಳು ಅವ್ವ. “ಇವತ್ತ ಆಕಿ ಹುಟ್ಟಿದ ದಿನಾ. ಅದಕ್ಕ ಎರದೀನಿ.”

“ಹುಟ್ಟಿದ ದಿನಾ ಅಂತ! ಹೆಣ್ಣಹುಡುಗರಿಗೆ ಯಾರ ಮಾಡ್ತಾರ ಅದನ್ನ? ಮುಚ್ಚಿಡಬ್ಯಾಡ್ರಿ. ನಿಮ್ಮ ಮಗಳನ್ನ ಇವತ್ತss ಸೊಸಿ ಮಾಡಿ ನಮ್ಮ ಮನಿ ತುಂಬಿಸಿಕೊಳ್ಳೂದಿಲ್ಲ, ಅಂಜಬ್ಯಾಡ್ರಿ.”

ಎಲ್ಲರೂ ನಕ್ಕರು.

“ನಾ ದೊಡ್ಡಾಕಿ ಆಗಿಲ್ಲಬೇ ಅತ್ತಿ,” ಎಂದಳು ಅಕ್ಕ.

“ನೋಡ್ರಿ, ನೋಡ್ರಿ, ನಾಚಿಕಿ ಹೆಂಗ ಬಂತು!”

ಇಲ್ಲ ಎಂದಷ್ಟೂ ಹೌದೆಂದೇ ಆಗುತ್ತಿತ್ತು. ಅಪ್ಪ ಪಡಸಾಲೆಯಲ್ಲಿ ಟಾವೆಲ್ ಹಿಡಿದು ನಿಂತಿದ್ದ. ಹೆಂಗಸರ ನಡುವೆ ಗಂಡಸು ಆಡುವ ಮಾತಲ್ಲ ಅದು. ಎರಡು ಸಲ ಕೆಮ್ಮಿ ಹೊರಗೆ ಹೋದ. ಗಾಡಿಯವನಿಗೆ ಹೇಳಿದ್ದನ್ನು ಕೇಳಿದವಳು ನಾನು. ಹೇಳಲು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು “ಸಣ್ಣಾಕಿ, ನಿನಗೇನ ತಿಳೀತೈತಿ” ಎಂದು ಹೋಳಿಗೆಯ ಚೂರು ತುರುಕಿದರು. ಅಕ್ಕನಿಗೆ ಆ ಸೀರೆ ಉಡಿಸಿದರು. ಉದ್ದ ಹೆಚ್ಚಾಗಿ ಸೊಂಟದಲ್ಲಿ ಗಂಟಿನಂತೆ ಉಬ್ಬಿತ್ತು. ಮಣೆಯ ಮೇಲೆ ಕೂರಿಸಿ ಉಡಿ ತುಂಬಿ ಆರತಿ ಎತ್ತಿದರು. ಅವಳು ಯಾರ ಮುಖವನ್ನೂ ನೋಡಲಿಲ್ಲ.

ಉಂಡು ಓಣಿಯವರೆಲ್ಲ ಹೋದ ಮೇಲೆ, ಅತ್ತಿ ಒಳಗೆ ಮಲಗಿದ್ದಾಗ, ಅಪ್ಪ ಆಯಿಗೆ ನಡೆದದ್ದನ್ನು ಬಿಡಿಸಿ ಹೇಳಿದ. ಆಯಿ ಕೊನೆಯವರೆಗೂ ಕೇಳಿದಳು.

“ತಿಳೀತೋ ಯಪ್ಪಾ. ಆದ್ರ ನಾ ತಿಕೋಟಾದಾಗ ಮನಿಮನಿಗೆ ಸಕ್ರಿ ಹಂಚಿ ಬಂದೀನಿ, ಕಾರ್ಡಿನ ಸಕ್ರಿ. ಈಗ ಹೋಗಿ ಆಗಿಲ್ಲಾ ಅನ್ನಲೇನು? ನಾಳಿ ಈಕಿ ಸಾಲಿಗೆ ಹೋದ್ರ, ದೊಡ್ಡಾಕಿ ಆದ ಹುಡುಗೀನ ಬೀದಿಗೆ ಬಿಟ್ಟಾರ ಅಂತಾರ.”

“ಪರೀಕ್ಷಾ ಹತ್ರ ಬಂದಾವಬೇ.”

“ಮಾತು ಕೊಟ್ಟಾಂವ ನೀನ.”

“ಇದು ಆ ಮಾತಲ್ಲ. ಆಕಿ ಆಗಿಲ್ಲ.”

“ಮಂದಿ ಕಣ್ಣಾಗ ಆಗ್ಯಾಳ.”

ಅಪ್ಪ ಇನ್ನೇನೋ ಹೇಳುವನೆಂದು ಕಾದೆ. ಅವನು ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಿದ್ದೆ ಬಂದಿರಲಿಲ್ಲ, ಕಾಲ ಬೆರಳು ಆಡುತ್ತಿದ್ದವು. ಆಗಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಅಕ್ಕನನ್ನು ಶಾಲೆಗೆ ಕಳಿಸಲಿಲ್ಲ. ಅದಾದ ಮೇಲೂ ಕಳಿಸಲಿಲ್ಲ. ವಿಚಾರಿಸಲು ಬಂದ ಬಾಯಿ ಅವರಿಗೆ ಅವ್ವ ಚಹಾ ಕೊಟ್ಟು ನೆಲ ನೋಡಿದಳು. ಅವರು ತಾವೇ ಅರ್ಥ ಮಾಡಿಕೊಂಡು ಎದ್ದುಹೋದರು.

ಅಕ್ಕ ನಿಜವಾಗಿ ದೊಡ್ಡವಳಾದದ್ದು ಮುಂದಿನ ಮಳೆಗಾಲದಲ್ಲಿ. ಅಷ್ಟರಲ್ಲಿ ಪರೀಕ್ಷೆ ಮುಗಿದು, ಜೊತೆಯ ಹುಡುಗಿಯರ ಫಲಿತಾಂಶವೂ ಬಂದಿತ್ತು. ಅವ್ವ ಬಚ್ಚಲ ಬಾಗಿಲು ಮುಂದೆ ಮಾಡಿ ಸಣ್ಣ ದನಿಯಲ್ಲಿ ಹೇಳಿದಳು: “ಯಾರ ಮುಂದೂ ಅನಬ್ಯಾಡ ಬೇ. ಮಂದಿ ಲೆಕ್ಕದಾಗ ನೀ ಆವತ್ತ ಹುಟ್ಟಿದ ದಿನಾನ ಆಗೀದಿ.”

ಅಕ್ಕ ಒಳಗಿನಿಂದ ಕೇಳಿದಳು: “ಅಂದ್ರ ನಾ ಮುಲ್ಕಿ ಬರೀಬಹುದಿತ್ತಲ್ಲಬೇ?”