ಗಂಟಲಲ್ಲಿ ಟ್ಯೂಬ್ ಇದ್ದ ಮಗು ಆಡಿದ ಮಾತು

ಇಂಥ ಕಥೆಯನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಸತ್ತ ಮಾವ ಅಡುಗೆಮನೆಗೆ ಬಂದು ಮಜ್ಜಿಗೆ ಕೇಳಿದರೆಂದು ನಮ್ಮ ಚಿಕ್ಕಮ್ಮ ಮದುವೆಮನೆಯಲ್ಲಿ ಹೇಳುತ್ತಿದ್ದಾಗ, "ಮೊದಲು ಬಿ.ಪಿ. ನೋಡಿಸ್ಕೋರಿ" ಎಂದು ಎಲ್ಲರೆದುರೇ ಅಂದಿದ್ದೇನೆ. ಮಕ್ಕಳ ತೀವ್ರ ನಿಗಾ ಘಟಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಕಣ್ಣಾರೆ ಕಂಡದ್ದನ್ನೂ ಇನ್ನೊಮ್ಮೆ ನೋಡಿಯೇ ನಂಬುವ ಅಭ್ಯಾಸ. ನೀವು ನಂಬಬೇಕೆಂದು ಇದನ್ನು ಬರೆಯುತ್ತಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನಮ್ಮ ತಂದೆ ರೈಲ್ವೆ ನೌಕರಿಗೆಂದು ಗದಗದಿಂದ ಚೆನ್ನೈಗೆ ಬಂದವರು. ಮನೆಯಲ್ಲಿ ಆ ಕಡೆಯ ಕನ್ನಡವನ್ನೇ ಆಡುತ್ತಿದ್ದೆವು. ಅವ್ವ ತೀರಿಕೊಂಡ ಮೇಲೆ ಆ ಮಾತು ಕಿವಿಗೆ ಬೀಳುವುದೇ ನಿಂತುಹೋಯಿತು. ಗಂಡ ಮೈಸೂರಿನ ಕಡೆಯವರು. ಮಗನಿಗೆ ಕನ್ನಡ ಅರ್ಥವಾಗುತ್ತದೆ, ಊಟಕ್ಕೆ ಬಾ ಎಂದರೆ ಮಾತ್ರ ತಮಿಳಿನಲ್ಲಿ "ಅಪ್ಪುರಂ ಮಾ", ಆಮೇಲಮ್ಮಾ, ಎನ್ನುತ್ತಾನೆ. ಆಸ್ಪತ್ರೆಯಲ್ಲಂತೂ ತಮಿಳು, ಇಂಗ್ಲಿಷ್ ಬಿಟ್ಟರೆ ಒಂದಿಷ್ಟು ಮಲಯಾಳ, ಅಷ್ಟೇ.

ಯಾಳಿನಿ ಎಂಬ ಎಂಟು ವರ್ಷದ ಹುಡುಗಿ ಡೆಂಗಿಯಿಂದ ನಮ್ಮಲ್ಲಿ ದಾಖಲಾಗಿದ್ದಳು. ತಾಯಿ ಸೆಲ್ವಿ ಕಾಸಿಮೇಡು ಬಂದರಿನ ಬೆಳಗಿನ ಹರಾಜಿನಲ್ಲಿ ಮೀನು ಕೊಂಡು ಮಾರುವವಳು. ತಂದೆ ಇರಲಿಲ್ಲ. ಈ ಕಾಯಿಲೆ ವಿಷಮಿಸಿದಾಗ ರಕ್ತನಾಳಗಳಿಂದ ನೀರು ಹೊರಗೆ ಸೋರುತ್ತದೆ. ಸಲೈನ್ ಕಡಿಮೆ ಕೊಟ್ಟರೆ ರಕ್ತದೊತ್ತಡ ಕುಸಿದು ಮಗು ಹೋಗುತ್ತದೆ, ಹೆಚ್ಚು ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅದಕ್ಕೇ ಹಾಸಿಗೆಯ ಬಳಿಯೇ ಅಲ್ಟ್ರಾಸೌಂಡ್ ಮಾಡುತ್ತೇವೆ. ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಸೊರಗಿದ್ದರೆ ನೀರು ಬೇಕು. ಉಬ್ಬಿ, ಉಸಿರಿಗೂ ಅಲುಗದೆ ನಿಂತಿದ್ದರೆ ನೀರು ಸಾಕೆಂದು ಅರ್ಥ. ಶ್ವಾಸಕೋಶಕ್ಕೆ ನೀರು ಇಳಿದಿದ್ದರೆ ಪರದೆಯ ಮೇಲೆ ಬಿಳಿ ಗೆರೆಗಳು ಇಳಿಬೀಳುತ್ತವೆ.

ಆ ಮಧ್ಯಾಹ್ನ ಯಾಳಿನಿ ವೆಂಟಿಲೇಟರ್ ಮೇಲಿದ್ದಳು. ಗಂಟಲಲ್ಲಿ ಟ್ಯೂಬ್, ನಿದ್ರೆಯ ಔಷಧಿ, ಮುಚ್ಚಿದ ಕಣ್ಣು. ರಕ್ತದೊತ್ತಡ ಮತ್ತೆ ಇಳಿಯತೊಡಗಿತ್ತು. ನಮ್ಮ ವಿಭಾಗದ ಹಿರಿಯ ವೈದ್ಯರು ಫೋನಿನಲ್ಲಿ ಇನ್ನೊಂದು ಸಲ ಸಲೈನ್ ಕೊಡಲು ಹೇಳಿದರು. ಬೆಳಗಿನ ಸ್ಕ್ಯಾನಿನಲ್ಲಿ ನಾಳ ಸೊರಗಿಯೇ ಇತ್ತು, ಹಾಗಾಗಿ ನನಗೂ ಅದೇ ಸರಿ ಅನ್ನಿಸಿತು. ನರ್ಸ್ ಮೇರಿ ಸಲೈನ್ ತೂಗುಹಾಕಿ ಕೊಳವೆಗೆ ಕೈ ಹಾಕಿದಳು. ನಾನು ಮಗುವಿನ ತಲೆಯ ಹತ್ತಿರ ನಿಂತಿದ್ದೆ.

"ಸಾಕಬೇ ಯವ್ವಾ."

ಸಣ್ಣ ಹುಡುಗಿಯ ದನಿ. ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದ ತಾಯಿಗೆ ಮಕ್ಕಳು ಹೇಳುವ ಹಾಗೆ, ದಣಿದು, ಸ್ವಲ್ಪ ಬೇಸರದಿಂದ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಪಕ್ಕದ ಹಾಸಿಗೆಯಲ್ಲಿದ್ದದ್ದು ಇನ್ನೂ ಮಾತು ಬಾರದ ಕೂಸು.

"ಯಾರು ಮಾತಾಡಿದ್ದು?" ಎಂದು ತಮಿಳಿನಲ್ಲೇ ಕೇಳಿದೆ.

"ಯಾರುಂ ಪೇಸಲೆಯೇ ಡಾಕ್ಟರ್," ಯಾರೂ ಮಾತಾಡಲಿಲ್ಲವೆಂದು ಮೇರಿ ನನ್ನ ಮುಖವನ್ನೇ ನೋಡಿದಳು.

ಆ ಟ್ಯೂಬ್ ಹೋಗುವುದು ಧ್ವನಿತಂತುಗಳ ನಡುವೆಯೇ. ಅದು ಇರುವವರೆಗೆ ದನಿ ಹೊರಡುವುದು ಸಾಧ್ಯವಿಲ್ಲ. ಯಾಳಿನಿಯ ತುಟಿಯೂ ಅಲುಗಿರಲಿಲ್ಲ. ಕಾಸಿಮೇಡಿನ ಆ ಮಗುವಿಗೆ ಗದಗದ ಕನ್ನಡ ಎಲ್ಲಿಂದ ಬರಬೇಕು? ಆದರೂ ನಾನು, "ಸಲೈನ್ ಬಿಡಬೇಡ, ತಡಿ" ಎಂದು, ಪಕ್ಕದ ವಾರ್ಡಿನಲ್ಲಿದ್ದ ಅಲ್ಟ್ರಾಸೌಂಡ್ ಯಂತ್ರವನ್ನು ತರಿಸಿದೆ. ನಾಳ ಉಬ್ಬಿ ನಿಂತಿತ್ತು. ಶ್ವಾಸಕೋಶದ ಎರಡೂ ಬದಿ ಬಿಳಿ ಗೆರೆಗಳು.

ಹಿರಿಯರು ಓಡಿಬಂದು ಪರದೆ ನೋಡಿದರು. ಸಲೈನ್ ನಿಲ್ಲಿಸಿ ಹೃದಯಕ್ಕೆ ಬಲ ಕೊಡುವ ಔಷಧಿ ಏರಿಸಿದೆವು. "ಮತ್ತೆ ಸ್ಕ್ಯಾನ್ ಮಾಡಬೇಕು ಅಂತ ಹೇಗೆ ಹೊಳೀತು?" ಎಂದು ಕೇಳಿದರು. ಸುಮ್ಮನೆ ಅನ್ನಿಸಿತು ಸಾರ್ ಎಂದೆ. ಕತ್ತಲಾಗುವ ಹೊತ್ತಿಗೆ ಮಗುವಿನ ಉಸಿರಾಟ ಸುಧಾರಿಸಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಗುಂಗು. ಅವ್ವನೇ ಹೇಳಿಕಳಿಸಿದಳೇನೋ ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ಆಟೋದಲ್ಲಿ ಕೂತು ಅತ್ತೆ.

ಮರುದಿನ ಬೆಳಿಗ್ಗೆ ಯಾಳಿನಿಯ ಶ್ವಾಸಕೋಶದಲ್ಲಿ ರಕ್ತಸ್ರಾವವಾಯಿತು. ನಾವು ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಉಳಿಯಲಿಲ್ಲ. ಉಳಿಸುವುದಕ್ಕಲ್ಲದಿದ್ದರೆ ಆ ಮಾತು ನನ್ನ ಕಿವಿಗೆ ಬಿದ್ದದ್ದಾದರೂ ಏತಕ್ಕೆ? ಎಷ್ಟೋ ದಿನ ಯಾರ ಮೇಲೆಂದು ತಿಳಿಯದೆ ಸಿಟ್ಟಾಗಿ ಓಡಾಡಿದೆ.

ಕೆಲವು ತಿಂಗಳಾದ ಮೇಲೆ ಸೆಲ್ವಿ ತನ್ನ ಚಿಕ್ಕ ಮಗನಿಗೆ ಜ್ವರವೆಂದು ಹೊರರೋಗಿ ವಿಭಾಗಕ್ಕೆ ಕರೆತಂದಳು. ಸಾಮಾನ್ಯ ನೆಗಡಿ. ಹೆದರಬೇಡ ಎಂದು ಔಷಧಿ ಬರೆದುಕೊಟ್ಟೆ. ಅವಳು ಏಳಲಿಲ್ಲ.

"ಡಾಕ್ಟರಮ್ಮಾ, ಒಂದು ಕೇಳ್ಲಾ?" ಎಂದಳು. ಅವಳ ತಮಿಳು ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಹೋಗೋದಕ್ಕೆ ಹಿಂದಿನ ದಿನ ಮಧ್ಯಾಹ್ನ ನಾನು ಹೊರಗೆ ನೆಲದ ಮೇಲೆ ಕೂತಿದ್ದೆ. ನನ್ನ ಮಗು 'ಪೋದುಂಮಾ' ಅಂತು. ಕಿವೀಲೇ ಹೇಳಿದ ಹಾಗೆ. ಎದ್ದು ಓಡಿಬಂದೆ. ಆಗ ಯಾವುದೋ ಟಿ.ವಿ. ಥರದ ಮೆಷಿನ್ ಒಳಗೆ ತಳ್ಕೊಂಡು ಹೋಗ್ತಿದ್ರು. ನಾನೂ ಬರ್ತೀನಿ, ಮಗು ಕರೀತಾ ಇದೆ ಅಂದೆ. ಸೆಕ್ಯುರಿಟಿಯವರು ಸಂಜೆ ಬಾ ಅಂತ ಬಾಗಿಲು ಹಾಕಿದ್ರು. ಅವಳಿಗೆ ಆಗ ಎಚ್ಚರ ಇತ್ತಾ?"

ಪೋದುಂಮಾ. ಸಾಕಮ್ಮಾ.

ಎಚ್ಚರವಿರಲಿಲ್ಲ, ಗಂಟಲಲ್ಲಿ ಟ್ಯೂಬ್ ಇದ್ದಾಗ ಮಾತಾಡಲು ಆಗುವುದಿಲ್ಲ ಎಂದು ವಿವರಿಸಿದೆ. ಅವಳು ತಲೆಯಾಡಿಸಿ ಮಗುವಿನ ಅಂಗಿಯ ಗುಂಡಿ ಹಾಕತೊಡಗಿದಳು. ನನಗೆ ತಡೆದುಕೊಳ್ಳಲಾಗಲಿಲ್ಲ. ನನಗೂ ಕೇಳಿಸಿತು ಸೆಲ್ವಿ, ಅದಕ್ಕೇ ನೀರು ನಿಲ್ಲಿಸಿದೆ, ಎಂದುಬಿಟ್ಟೆ. ಸಮಾಧಾನವಾದೀತೆಂದುಕೊಂಡಿದ್ದೆ.

ಅವಳ ಕೈ ಗುಂಡಿಯ ಮೇಲೆಯೇ ನಿಂತಿತು.

"ನಿಮಗೂ ಕೇಳಿಸ್ತಾ? ಮತ್ತೆ ನನ್ನನ್ನ ಯಾಕೆ ಕರೀಲಿಲ್ಲ? ಅಮ್ಮಾ ಅಂದಿದ್ದಾಳಲ್ಲ."

ದನಿ ಏರಿಸಲಿಲ್ಲ, ಅಳಲೂ ಇಲ್ಲ. ಉತ್ತರಕ್ಕೂ ಕಾಯದೆ ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟುಹೋದಳು. ಆಮೇಲೆ ಬಂದಿಲ್ಲ.

ನನಗೆ ಕೇಳಿಸಿದ್ದಕ್ಕೆ ಕಾರಣ ಹುಡುಕಬಹುದು. ಆಯಾಸ ಅನ್ನಿ, ಅವ್ವನ ನೆನಪು ಅನ್ನಿ. ಸೆಲ್ವಿಯದು ದುಃಖದಲ್ಲಿ ಆಮೇಲೆ ಹುಟ್ಟಿದ ಭ್ರಮೆ ಎನ್ನೋಣವೆಂದರೆ, ನಾನು ಬಾಯಿ ಬಿಡುವ ಮೊದಲೇ ಅವಳು ಹೇಳಿಯಾಗಿತ್ತು. ನಡುವೆ ಎರಡು ಬಾಗಿಲು, ಉದ್ದದ ವರಾಂಡ. ಎಷ್ಟು ಯೋಚಿಸಿದರೂ ಇದಕ್ಕಿಂತ ಮುಂದೆ ಹೋಗಲಾಗುತ್ತಿಲ್ಲ.

ತಾಯಂದಿರನ್ನು ಹಾಸಿಗೆಯ ಪಕ್ಕ ಕೂರಲು ಬಿಡೋಣವೆಂದು ಆಡಳಿತದವರನ್ನು ಎರಡು ಸಲ ಕೇಳಿದೆ. ಸೋಂಕು ಹರಡುತ್ತದೆ ಎಂದರು. ಆ ಬಾಗಿಲು ಈಗಲೂ ಸಂಜೆಯೇ ತೆರೆಯುವುದು.