ಒಂದು ವಾಟಿ ಮೊಸರು-ಸಕ್ಕರೆ

ಮೂರು ವರ್ಷದ ಹಿಂದೆ ನಾನು ಪುಣೆಯ ಕೊಂಢವಾ ಬಡಾವಣೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದೆ. ಆಪರೇಷನ್‌ಗೆ ಮುನ್ನ ರೋಗಿಯ ಮನೆಯವರ ಜೊತೆ ಎರಡು ಮಾತಾಡುವುದು ನನ್ನ ಚಟ. ಕನ್ನಡದವರು ಸಿಕ್ಕರಂತೂ ಎರಡು ಇಪ್ಪತ್ತಾಗುತ್ತಿತ್ತು. "ನಿನ್ನ ಹರಟೆ ಮುಗಿದರೆ ಕೆಲಸ ಶುರುಮಾಡೋಣ" ಎಂದು ಅರಿವಳಿಕೆ ತಜ್ಞೆ ಮೇಧಾ ಮರಾಠಿಯಲ್ಲಿ ಛೇಡಿಸುತ್ತಿದ್ದಳು.

ಆ ದಿನದ ರೋಗಿ ಶಿವಾನಂದ, ಮಾರ್ಕೆಟ್ ಯಾರ್ಡ್‌ನ ಬೆಲ್ಲದ ವ್ಯಾಪಾರಿ. ಪಿತ್ತಕೋಶದ ಕಲ್ಲಿನಿಂದ ಎರಡು ಸಲ ಹೊಟ್ಟೆನೋವು ಬಂದು ಒದ್ದಾಡಿದ್ದರು. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುತ್ತ, ಪಿತ್ತಕೋಶ ತೆಗೆಯುವುದಿತ್ತು. ರಾತ್ರಿಯಿಂದ ಏನೂ ತಿಂದಿಲ್ಲ ಎಂದು ಅವರು ಸಹಿಯನ್ನೂ ಹಾಕಿದ್ದರು.

ಥಿಯೇಟರ್ ಬಾಗಿಲಲ್ಲಿ ಅವರ ತಾಯಿ ನೀಲವ್ವ ನಿಂತಿದ್ದರು. "ಅಂಜಬ್ಯಾಡ್ರಿ ಅವ್ವಾರ" ಎಂದೆ.

"ನನಗ ಯಾತರ ಅಂಜಿಕಿರಿ? ಎಲ್ಲಾ ಛಲೋ ಆಗ್ಲಿ ಅಂತ ಮುಂಜಾನೆ ಮೊಸರು-ಸಕ್ಕರಿ ಕೊಟ್ಟೇ ಕರಕೊಂಡ ಬಂದೇನಿ."

ಒಳಗೆ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದೆ. "ಎಷ್ಟ ಕೊಟ್ರಿ? ಒಂದ್ ಚಮಚಾ?"

"ಪರೀಕ್ಷಾಕ್ಕ ಹೋಗೂವಾಗ ಚಮಚಾ ಸಾಕ್ರಿ. ಇದು ದೊಡ್ಡ ಕೆಲಸ ಅದ, ಒಂದ್ ವಾಟಿ ಕೊಟ್ಟೆ."

ಒಂದು ಬಟ್ಟಲು ತುಂಬ ಮೊಸರು! ಒಳಗೆ ಓಡಿದೆ. ಮೇಧಾ ಮದ್ದಿನ ಸಿರಿಂಜ್ ಕೈಗೆತ್ತಿಕೊಂಡಿದ್ದಳು. ತಡೆದೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಶಿವಾನಂದ ಮೇಜಿನ ಮೇಲೆ ಮಲಗಿಕೊಂಡೇ ವಾದಕ್ಕಿಳಿದರು. "ಅದು ತಿಂದಂಗ ಏನ್ರಿ ಡಾಕ್ಟರ್? ಅವ್ವನ ಆಶೀರ್ವಾದ ಅಲ್ಲೇನ್ರಿ?"

ಆ ಮಾತನ್ನು ಮರಾಠಿಯಲ್ಲಿ ಹೇಳಿದಾಗ, ಸಿರಿಂಜ್ ಕೆಳಗಿಟ್ಟಿದ್ದ ಮೇಧಾಗೆ ನಗು ಬಂತು. ಅವಳ ಅತ್ತೆಯೂ ಹೀಗೆಯೇ, ಮೊಸರು-ಸಕ್ಕರೆ ಕೊಡದೆ ಯಾರನ್ನೂ ಹೊರಗೆ ಕಳಿಸುವುದಿಲ್ಲವಂತೆ.

ಆಪರೇಷನ್ ಮರುದಿನಕ್ಕೆ ಹೋಯಿತು. ಕಾರಣ ತಿಳಿದ ನೀಲವ್ವ ಅಲ್ಲೇ ಕುಸಿದು ಕೂತರು. "ನನ್ನ ಕೈಯಾರೆ ಮಗನ್ನ ಕಳಕೋತಿದ್ನಲ್ರಿ" ಎಂದು ಅತ್ತರು.

ಮರುದಿನ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಕಡಲೆಕಾಳಿನಷ್ಟು ದಪ್ಪದ ಒಂಬತ್ತು ಕಲ್ಲುಗಳು ಸಿಕ್ಕವು. ಸಂಜೆಗೇ ಶಿವಾನಂದ ಎದ್ದು ನಡೆದಾಡಿದರು. ಭುಜ ನೋಯುತ್ತದೆ ಎಂದರು. ಕ್ಯಾಮೆರಾಕ್ಕೆ ಜಾಗವಾಗಲೆಂದು ಹೊಟ್ಟೆಗೆ ತುಂಬುವ ಗ್ಯಾಸ್‌ನಿಂದ ಹಾಗಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ ಎಂದು ಸಮಾಧಾನ ಹೇಳಿದೆ.

ಇನ್ನು ಗಂಜಿ ಕುಡಿಸಬಹುದು ಎಂದರೆ ನೀಲವ್ವ ಬಟ್ಟಲು ಮುಟ್ಟಲೇ ಒಲ್ಲರು. "ನೀವೇ ಕುಡಸ್ರಿ. ನನ್ನ ಕೈ ಮ್ಯಾಲ ನನಗ ನಂಬಿಕಿ ಹೋಗೇದ."

"ಅವ್ವಾರ, ನೀವು ಬಾಯಿಬಿಟ್ಟು ಹೇಳಿದ್ದಕ್ಕೇ ನಿಮ್ಮ ಮಗಾ ಉಳದಾನ" ಎಂದು ಚಮಚವನ್ನು ಅವರ ಕೈಯಲ್ಲಿಟ್ಟೆ. ಮೊದಲ ಚಮಚ ಕುಡಿಸುವ ಮುನ್ನ ನನ್ನ ಮುಖ ನೋಡಿದರು. ಮೂರನೆಯ ಚಮಚದ ಹೊತ್ತಿಗೆ ಮಗನ ಮುಖವನ್ನಷ್ಟೇ ನೋಡುತ್ತಿದ್ದರು.

ಅಂದಿನಿಂದ ನಾನು ರೋಗಿಯ ಸಹಿಯೊಂದನ್ನೇ ನಂಬುವುದಿಲ್ಲ. ಮನೆಯಿಂದ ಹೊರಡುವಾಗ ಬಾಯಿಗೆ ಏನು ಹಾಕಿದಿರಿ ಎಂದು ಅವರ ತಾಯಿಯನ್ನೇ ಕೇಳುತ್ತೇನೆ. ತಾಯಂದಿರು ಸುಳ್ಳು ಹೇಳುವುದಿಲ್ಲ. ಬರಿಹೊಟ್ಟೆಯಲ್ಲಿ ಕಳಿಸುವುದೂ ಇಲ್ಲ.