ಇಲಿಯಕ್ಕನ ರಕ್ತ

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಇಲಿಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಪಂಜರ ತೊಳೆದು, ಒಂದು ಇಲಿಯ ರಕ್ತವನ್ನು ಇನ್ನೊಂದಕ್ಕೆ ಚುಚ್ಚಿ, ನಿದ್ರೆರೋಗದ ರೋಗಾಣುಗಳನ್ನು ಜೀವಂತ ಇಟ್ಟವಳು. ಆ ರೋಗಾಣುಗಳ ಬಗ್ಗೆ ಮೂರು ಪುಸ್ತಕ ಬರೆದ ಮುಖ್ಯಸ್ಥರು ಪಂಜರದ ಕೋಣೆಗೆ ಕಾಲಿಡುತ್ತಿದ್ದದ್ದು ವರ್ಷಕ್ಕೊಮ್ಮೆ, ಅದೂ ಮೂಗು ಮುಚ್ಚಿಕೊಂಡು.

ಒಂದು ಸೋಮವಾರ ಇಲಿ ಕೊಸರಿಕೊಂಡಿತು. ಸೂಜಿ ಕೈಗವಸನ್ನು ದಾಟಿ ಹೆಬ್ಬೆರಳಿಗೆ ಇಳಿಯಿತು.

“ಸಾರ್, ನಂಗೆ ಔಷಧಿ ಬೇಕು.”

“ಇಷ್ಟಕ್ಕೆಲ್ಲ ಹೆದರ್ತಾರೇನಮ್ಮಾ? ಈ ತಳಿ ಮನುಷ್ಯನ ರಕ್ತದಲ್ಲಿ ಬದುಕಲ್ಲ. ನಾನೇ ಪರೀಕ್ಷೆ ಮಾಡಿದ್ದೀನಿ.”

ಮಾಡಿದ್ದೇನೋ ನಿಜ. ಇಂಥ ರೋಗಾಣುಗಳನ್ನು ಒಡೆದು ಕೊಲ್ಲುವ ವಸ್ತುವೊಂದು ಮನುಷ್ಯನ ರಕ್ತದಲ್ಲಿದೆ. ದನಗಳನ್ನು ಕೆಡವುವ ಎಷ್ಟೋ ತಳಿಗಳು ಅದರ ಮುಂದೆ ಬಾಲ ಮುದುರುತ್ತವೆ. ಆದರೆ ಈ ತಳಿ ಬಂದದ್ದೇ ಒಬ್ಬ ರೋಗಿಯಿಂದ. ಆ ವಸ್ತುವನ್ನು ಕಟ್ಟಿಹಾಕುವ ಪ್ರೋಟೀನ್ ತಯಾರಿಸುವುದು ಅದಕ್ಕೆ ಗೊತ್ತಿತ್ತು. ಇಲಿಯೊಳಗೆ ಅದರ ಅಗತ್ಯವಿಲ್ಲವೆಂದು ಹೆಚ್ಚಿನವು ಆ ಕಸುಬು ಬಿಟ್ಟಿದ್ದವು, ಎಲ್ಲವೂ ಅಲ್ಲ. ಆ ಪರೀಕ್ಷೆಯ ದಿನ ಮುಖ್ಯಸ್ಥರು ಅವನ್ನು ಮನುಷ್ಯರಕ್ತದ ನಳಿಕೆಗೆ ಬಿಟ್ಟು, ಎರಡು ಗಂಟೆ ನೋಡಿ, ಎಲ್ಲ ಸತ್ತವೆಂದು ಬರೆದು, ಊಟಕ್ಕೆ ಎದ್ದಿದ್ದರು. ಮರುದಿನ ನಳಿಕೆ ತೊಳೆಯುವ ಮೊದಲು ಇಲಿಯಕ್ಕ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಿದ್ದಳು. ನಾಲ್ಕೈದು ಇನ್ನೂ ಹೊರಳಾಡುತ್ತಿದ್ದವು. ಹೋಗಿ ಹೇಳಿದ್ದಕ್ಕೆ “ತೊಳೆಯೋದು ನಿನ್ನ ಕೆಲಸ, ನೋಡೋದು ನನ್ನದು” ಎಂಬ ಉತ್ತರ ಸಿಕ್ಕಿತ್ತು.

ಔಷಧಿಯ ಕಪಾಟು ತೆರೆಯಲು ಅವರ ಸಹಿಯೇ ಬೇಕು. ಆರನೆಯ ದಿನ ಹೆಬ್ಬೆರಳು ಬದನೆಕಾಯಿಯಾಯಿತು. ಒಂಬತ್ತನೆಯ ದಿನ ಜ್ವರ.

“ರಜೆ ಹಾಕೇ,” ಎಂದ ಗಂಡ, ಹೊಲಿಗೆ ಯಂತ್ರ ನಿಲ್ಲಿಸಿ. ಅವನು ದರ್ಜಿ. “ಆ ಮಹಾನುಭಾವನ ಮುಖ ನೋಡಿದ್ರೆ ಜ್ವರ ಇಳಿಯತ್ತಾ?”

“ಮನೇಲಿ ಬಿದ್ಕೊಂಡ್ರೆ ಇದು ಮಿದುಳಿಗೆ ಹೋಗತ್ತೆ ರೀ. ಆಮೇಲೆ ನನ್ನ ಎಬ್ಬಿಸೋಕೆ ನಿಮ್ಮ ಕೈಲಾಗಲ್ಲ.”

ಕೆಲಸಕ್ಕೆ ಹೋದವಳೇ ತನ್ನ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಹಚ್ಚಿ, ನೋಡಿ, ಮುಖ್ಯಸ್ಥರ ಸೂಕ್ಷ್ಮದರ್ಶಕದಡಿ ಇಟ್ಟಳು.

“ಭೇಷ್, ಚೆನ್ನಾಗಿ ಬೆಳೆದಿವೆ,” ಎಂದರು ಕಣ್ಣೆತ್ತದೆ. “ಯಾವ ಇಲೀದು?”

“ನಂದು, ಸಾರ್.”

ಆಗ ಕಣ್ಣೆತ್ತಿದರು. ನಾಚಿಕೆಯಿಂದಲ್ಲ, ಆಸೆಯಿಂದ. “ಅಪರೂಪದ ಸಂಗತಿ ಕಣಮ್ಮಾ! ಇನ್ನೊಂದೇ ವಾರ ಔಷಧಿ ಇಲ್ಲದೆ ನೋಡಿದ್ರೆ ಒಳ್ಳೇ ಲೇಖನ...”

ಇಲಿಯಕ್ಕ ಪಂಜರದ ಕೋಣೆಯ ಸೂಜಿಯನ್ನು ಮೇಜಿನ ಮೇಲೆ, ಮೊನೆ ಅವರ ಕಡೆಗೆ ಬರುವಂತೆ ಇಟ್ಟಳು. “ಆ ವಾರ ನೀವೇ ನೋಡ್ಕೊಳ್ಳಿ ಸಾರ್, ನಿಮ್ಮ ರಕ್ತದಲ್ಲಿ. ಈಗ ಸಹಿ ಹಾಕಿ.”

ಅಷ್ಟು ಬೇಗ ಆ ಮಹಾಶಯರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ.